ಕೊಟ್ಟಿಗೆ ಗೋಡೆಯಲ್ಲಿ ಉಣ್ಣೆ ಸಂಸಾರ

2019ರ ಮೇ ತಿಂಗಳು. ಸಂಜೆ ಹಾಲು ಕರೆಯಲು ಹೋದ ನನ್ನ ಹೆಂಡತಿ ಅರ್ಧ ಪಾತ್ರೆ ಹಿಡಿದುಕೊಂಡು ವಾಪಸು ಬಂದಳು. "ಗೌರಿ ಮೂರೇ ಲೀಟರ್ ಕೊಟ್ಳು. ಮೈ ಸುಡ್ತಾ ಐತೆ, ಮೂಸೂ ನೋಡ್ಲಿಲ್ಲ ಬೂಸಾನ" ಅಂದಳು. ಬೆಳಿಗ್ಗೆ ಅದೇ ಹಸು ಎಂಟು ಲೀಟರ್ ಕೊಟ್ಟಿತ್ತು. ಬಿಸಿಲು ಜಾಸ್ತಿ, ಅದಕ್ಕೇ ಇರಬೇಕು ಅಂತ ನಾನು ಎರಡು ಕೊಡ ನೀರು ಮೈಮೇಲೆ ಹುಯ್ದು ಸುಮ್ಮನಾದೆ. ಆರು ದಿನದ ನಂತರ ಅದನ್ನು ಹೊಲದ ಮೂಲೆಯಲ್ಲಿ ಹೂಳಿದೆವು. 62 ಸಾವಿರ ಕೊಟ್ಟು ತಂದಿದ್ದ ಎಚ್.ಎಫ್. ಮಿಶ್ರತಳಿ. ಎರಡನೇ ಸೂಲು, ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕರು. ವಿಮೆ ಮುಗಿದು ಎರಡು ತಿಂಗಳಾಗಿತ್ತು, ನವೀಕರಿಸಿರಲಿಲ್ಲ. ತಪ್ಪು ನನ್ನದೇ.

ಹಸುವನ್ನು ಕೊಂದದ್ದು ಉಣ್ಣೆ. ಮಲೆನಾಡಿನವರು ಇದನ್ನೇ ಉಣುಗು ಅನ್ನುತ್ತಾರೆ. ಹಸು ಸಾಯುವವರೆಗೂ ಅದನ್ನು ಕೊಲ್ಲುವ ಉಣ್ಣೆ ನಮ್ಮ ಕೊಟ್ಟಿಗೆಯಲ್ಲೇ ಸಂಸಾರ ಹೂಡಿದೆ ಅಂತ ನನಗೆ ಗೊತ್ತಿರಲಿಲ್ಲ.

ಮೇಯೋಕೆ ಹೋಗದ ಹಸುಗೆ ಉಣ್ಣೆ ಎಲ್ಲಿಂದ?

ನಮ್ಮೂರು ಎಲೆಕ್ಟ್ರಾನಿಕ್ ಸಿಟಿಗೂ ಸರ್ಜಾಪುರಕ್ಕೂ ನಡುವೆ. 1978ರಲ್ಲಿ ಕಿಯೋನಿಕ್ಸ್‌ನವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದಾಗ ನಮ್ಮೂರಿನಲ್ಲಿ ಮೂವತ್ತು ಜೋಡಿ ಎತ್ತು ಇದ್ದವಂತೆ. ಈಗ ಸುತ್ತ ಲೇಔಟು. ಗೋಮಾಳ ಇಲ್ಲ, ಕೆರೆ ಅಂಗಳಕ್ಕೆ ಬೇಲಿ. ನನಗಿರುವುದು 1 ಎಕರೆ 10 ಗುಂಟೆ. ಅರ್ಧದಲ್ಲಿ ನೇಪಿಯರ್ ಹುಲ್ಲು, ಉಳಿದದ್ದರಲ್ಲಿ ರಾಗಿ, ಸೊಪ್ಪು. ಹಸುಗಳು ಕಟ್ಟಿದ ಗೂಟ ಬಿಟ್ಟು ಆಚೆ ಹೋಗುವುದಿಲ್ಲ. ಕೊಟ್ಟಿಗೆಯ ಹಿಂಗೋಡೆಗೆ ತಾಗಿಕೊಂಡೇ ಅಪಾರ್ಟ್‌ಮೆಂಟಿನ ಕಾಂಪೌಂಡು.

ಆದ್ದರಿಂದ ಉಣ್ಣೆ ಅಂದರೆ ಕಾಡಂಚಿನವರ ತಲೆನೋವು, ಕಟ್ಟಿ ಮೇಯಿಸುವವನಿಗೆ ಅದರ ಕಾಟ ಇಲ್ಲ ಅಂತ ನಾನು ನಂಬಿದ್ದೆ. ಕಿವಿಯಲ್ಲೋ ಕೆಚ್ಚಲ ಸಂದಿಯಲ್ಲೋ ನಾಲ್ಕಾರು ಕಂಡರೆ ಕಿತ್ತು ಕಾಲಲ್ಲಿ ಹೊಸಕುತ್ತಿದ್ದೆ. ಅಷ್ಟೇ.

ಗೌರಿಗೆ ಜ್ವರ ಬಂದ ಮಾರನೇ ದಿನ ಊರಲ್ಲಿ ಸೂಜಿ ಹಾಕುವವರೊಬ್ಬರನ್ನು ಕರೆದೆ. ಎರಡು ದಿನ ಜ್ವರದ ಸೂಜಿ, ಆಂಟಿಬಯೋಟಿಕ್ ಹಾಕಿದರು. ಸಂಜೆ ಇಳಿದಂತೆ ಕಂಡ ಜ್ವರ ಬೆಳಿಗ್ಗೆ ಮತ್ತೆ ಏರುತ್ತಿತ್ತು. ಕಣ್ಣಲ್ಲಿ ನೀರು, ಕೆಮ್ಮು. ಮುಂಗಾಲಿನ ಭುಜದ ಮುಂದೆ ಎರಡೂ ಕಡೆ ನಿಂಬೆಹಣ್ಣಿನಷ್ಟು ಗಂಟು. ಈ ಗಂಟನ್ನು ನಾನು ನೋಡಿದ್ದೆ, ಕೈಯಾಡಿಸಿಯೂ ನೋಡಿದ್ದೆ. ಗೊದಮೊಟ್ಟೆ ಗುದ್ದಿ ಊದಿರಬೇಕು ಅಂದುಕೊಂಡೆ! ನಾಲ್ಕನೇ ದಿನ ಸರ್ಕಾರಿ ಪಶು ವೈದ್ಯರು ಬಂದವರು ಮೊದಲು ಮುಟ್ಟಿದ್ದೇ ಆ ಗಂಟನ್ನು. ಆಮೇಲೆ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಒಳಗೆ ಬಿಳಚಿಕೊಂಡು ಹಳದಿಗೆ ತಿರುಗಿತ್ತು. ಕಿವಿಯ ನರ ಚುಚ್ಚಿ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಎಳೆದುಕೊಂಡು ಹೋದರು. ಸಂಜೆಗೆ ಫೋನು: ಥೈಲೇರಿಯಾ. ಅವತ್ತೇ ಬುಪರ್ವಕೋನ್ ಸೂಜಿ ಹಾಕಿದರು. ಈ ರೋಗಕ್ಕೆ ಅದೇ ಮದ್ದು. ಆದರೆ ಶುರುವಿನಲ್ಲೇ ಬಿದ್ದರೆ ಮಾತ್ರ ಕೈ ಹಿಡಿಯುತ್ತದೆ. ನಾವು ಮೂರು ದಿನ ಕಳೆದಿದ್ದೆವು.

ಗರಗಸದ ಬ್ಲೇಡು ತೋರಿಸಿದ ಸತ್ಯ

ಹಸು ಹೋದ ಮೇಲೆ ವೈದ್ಯರು ಇನ್ನೊಮ್ಮೆ ಬಂದರು. ಉಳಿದ ಎರಡು ಹಸುಗಳ ಜ್ವರ ನೋಡಿದವರೇ "ಒಂದು ಹಳೇ ಗರಗಸದ ಬ್ಲೇಡು ಇದ್ರೆ ಕೊಡಿ" ಅಂದರು. ನಮ್ಮ ಕೊಟ್ಟಿಗೆ ನಮ್ಮಪ್ಪ ಕಟ್ಟಿಸಿದ್ದು. ಸೈಜುಗಲ್ಲಿನ ಗೋಡೆ, ಮಣ್ಣಿನ ಸಂದು. ಗೊದಮೊಟ್ಟೆಯ ಹಿಂದೆ ಆಳೆತ್ತರದಲ್ಲಿ ಒಂದು ಸಂದಿಗೆ ಬ್ಲೇಡು ತೂರಿಸಿ ಕೆರೆದರು. ಕೆಳಗೆ ಹಿಡಿದ ಪೇಪರಿನ ಮೇಲೆ ಮಣ್ಣಿನ ಜೊತೆ ಉಣ್ಣೆ ಉದುರಿದವು. ಹರಳು ಬೀಜದಂತೆ ಊದಿಕೊಂಡ ಹೆಣ್ಣುಗಳು, ಸಾಸಿವೆಗಿಂತ ಸಣ್ಣ ಮರಿಗಳು, ಅಂಟಂಟಾಗಿ ಗೊಂಚಲು ಕಟ್ಟಿದ ಕಂದು ಮೊಟ್ಟೆ. ಒಂದು ಗೇಣು ಸಂದಿಯಲ್ಲಿ ಬದುಕಿದ್ದ ದೊಡ್ಡ ಉಣ್ಣೆಯನ್ನೇ ಎಣಿಸಿದೆ, 34 ಇದ್ದವು. ನನಗೆ ಮೈ ಜುಮ್ಮೆಂದಿತು. ನಾನು ಹಸುವಿನ ಮೈಮೇಲೆ ಹುಡುಕುತ್ತಿದ್ದೆ, ಅವು ಗೋಡೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು.

ವೈದ್ಯರು ಅಲ್ಲೇ ಕಲ್ಲಿನ ಮೇಲೆ ಕೂತು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ.

ಹಸುಗಳಿಗೆ ಹತ್ತುವ ಉಣ್ಣೆ ಹಲವು ಜಾತಿ. ನಮಗೆ ಮುಖ್ಯ ಎರಡು. ಒಂದು, ಸಣ್ಣ ಕಾಲಿನ ನೀಲಿಬೂದು ಉಣ್ಣೆ. ಇದು ಮರಿಯಾಗಿ ಹಸುವಿಗೆ ಹತ್ತಿದರೆ ಅಲ್ಲೇ ದೊಡ್ಡದಾಗಿ ಸುಮಾರು ಮೂರು ವಾರಕ್ಕೆ ರಕ್ತ ತುಂಬಿಕೊಂಡು ಉದುರುತ್ತದೆ. ನೆಲದಲ್ಲಿ ಎರಡು ಮೂರು ಸಾವಿರ ಮೊಟ್ಟೆ ಇಟ್ಟು ಸಾಯುತ್ತದೆ. ಕಾಫಿ ಡಿಕಾಕ್ಷನ್ ಬಣ್ಣದ ಉಚ್ಚೆ ಹುಯ್ಯಿಸುವ ಬಬೇಸಿಯಾ ರೋಗ ಹರಡುವುದು ಇದು. ತಾಯಿಯಿಂದ ಮೊಟ್ಟೆಗೂ ರೋಗ ದಾಟುತ್ತದೆ.

ಇನ್ನೊಂದು ಉದ್ದ ಕಾಲಿನದು, ಕಾಲಿಗೆ ಬಿಳಿ ಕಂದು ಪಟ್ಟೆ. ಹಯಲೋಮ ಅಂತ ಹೆಸರು. ಥೈಲೇರಿಯಾ ತರುವುದು ಇದು. ಎಳೆ ಪ್ರಾಯದಲ್ಲಿ ಒಂದು ದನದ ರಕ್ತ ಕುಡಿದು ಉದುರಿ, ಸಂದಿಗೆ ಸೇರಿ, ಪೊರೆ ಬಿಟ್ಟು ದೊಡ್ಡದಾಗಿ ಮತ್ತೆ ಇನ್ನೊಂದು ದನಕ್ಕೆ ಹತ್ತುತ್ತದೆ. ಮೊದಲ ದನದಲ್ಲಿ ರೋಗಾಣು ಇದ್ದರೆ ಎರಡನೆಯದಕ್ಕೆ ಬಂತು ಅಂತಲೇ ಲೆಕ್ಕ. ಇದಕ್ಕೆ ಹುಲ್ಲುಗಾವಲು ಬೇಕಾಗಿಲ್ಲ, ಬಿರುಕು ಬಿಟ್ಟ ಗೋಡೆ ಸಾಕು. ಊಟವಿಲ್ಲದೆ ತಿಂಗಳುಗಟ್ಟಲೆ ಕಾದು ಕೂರುತ್ತದೆ. ಗೂಟದಲ್ಲೇ ಇರುವ ಹಸು ಅದರ ಪಾಲಿಗೆ ಮನೆ ಬಾಗಿಲಿಗೆ ಬಂದ ಊಟ. ಹಾಗಾಗಿ ಕಟ್ಟಿ ಮೇಯಿಸುವ ನಮ್ಮಂಥವರಿಗೇ ಈ ಉಣ್ಣೆ ಹೆಚ್ಚು.

ಕೇಳಿ ನನಗೆ ಬೇಸರವಾದದ್ದು ಇನ್ನೊಂದು ಸಂಗತಿ. ನಮ್ಮಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು ಇದ್ದವು, ಅದೇ ಕೊಟ್ಟಿಗೆಯಲ್ಲಿ. ಉಣ್ಣೆ ಅವಕ್ಕೂ ಹತ್ತುತ್ತಿತ್ತು, ಒಂದು ದಿನ ಜ್ವರ ಬಂದದ್ದಿಲ್ಲ. ನಾಟಿ ದನ ಈ ರೋಗವನ್ನು ತಡೆದುಕೊಳ್ಳುತ್ತವೆ. ಆದರೆ ರಕ್ತದಲ್ಲಿ ರೋಗಾಣು ಉಳಿದಿರುತ್ತದೆ. ಅವುಗಳಿಂದ ಉಣ್ಣೆಗೆ, ಉಣ್ಣೆಯಿಂದ ಮಿಶ್ರತಳಿಗೆ. ಎತ್ತಿನದು ಏನು ತಪ್ಪು? ಪಾಪ, ಒಂದೇ ಸೂರಿನಡಿ ಎರಡನ್ನೂ ಕಟ್ಟಿದವನು ನಾನು. ಈಗ ಎತ್ತುಗಳಿಗೆ ಆಚೆ ಬದಿ ಬೇರೆ ಚಪ್ಪರ ಹಾಕಿದ್ದೇನೆ.

ಅಮೆರಿಕದಲ್ಲೂ ಹಿಂದೆ ಹೀಗೇ ಆಗಿತ್ತಂತೆ. ದಕ್ಷಿಣದ ದನ ಹಾದು ಹೋದ ದಾರಿಯಲ್ಲಿ ಉತ್ತರದ ದನ ಸಾಯುತ್ತಿದ್ದವು. ದಕ್ಷಿಣದವು ಮಾತ್ರ ಗಟ್ಟಿಮುಟ್ಟು. ಇದು ಉಣ್ಣೆಯಿಂದಲೇ ಅಂತ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬಿಬ್ಬರು 1893ರಲ್ಲಿ ಸಾಧಿಸಿ ತೋರಿಸಿದರು. ರೈತರು ಅದಕ್ಕೂ ಮೊದಲೇ ಹಾಗಂತ ಹೇಳುತ್ತಿದ್ದರಂತೆ, ಕೇಳಿದವರಿಲ್ಲ. 1906ರಿಂದ ಅಲ್ಲಿ ದನಗಳನ್ನು ಮದ್ದಿನ ನೀರಿನ ತೊಟ್ಟಿಯಲ್ಲಿ ಇಳಿಸಿ, ಹುಲ್ಲುಗಾವಲು ಖಾಲಿ ಬಿಟ್ಟು ಉಣ್ಣೆಯನ್ನು ಉಪವಾಸ ಕೆಡವಿದರು. 1943ರ ಹೊತ್ತಿಗೆ ಮೆಕ್ಸಿಕೋ ಗಡಿಯ ಒಂದು ಪಟ್ಟಿ ಬಿಟ್ಟು ಉಳಿದೆಡೆ ತೊಲಗಿತು. ಕೊಟ್ಟಿಗೆ ಖಾಲಿ ಬಿಡುವಷ್ಟು ಜಾಗ ನಮಗೆಲ್ಲಿದೆ? ಗೋಡೆಯನ್ನಾದರೂ ಸರಿ ಮಾಡೋಣ ಅಂತ ಹೊರಟೆ.

ಗೋಡೆಗೆ ಬೆಂಕಿ

ಮೊದಲು ಹಸುಗಳನ್ನು ಹಲಸಿನ ಮರದಡಿ ಕಟ್ಟಿದೆ. ಕೊಟ್ಟಿಗೆಯ ಅಟ್ಟದಲ್ಲಿದ್ದ ರಾಗಿಹುಲ್ಲು, ಗೋಣಿಚೀಲ, ಮುರಿದ ನೊಗ, ಹಳೇ ಹಗ್ಗ ಎಲ್ಲಾ ಹೊರಗೆ. ಗೋಣಿ, ಹಗ್ಗ ಸುಟ್ಟೇ ಹಾಕಿದೆ. ಆಮೇಲೆ ಪೈಪು ಬೆಸೆಯುವವರ ಹತ್ತಿರ ಗ್ಯಾಸಿನ ಫ್ಲೇಮ್ ಗನ್ ಬಾಡಿಗೆಗೆ ತಂದು ಸಂದು ಸಂದಿಗೂ ಬೆಂಕಿ ಹಿಡಿದೆ. ಪಟಪಟ ಸಿಡಿಯುವ ಸದ್ದು, ಕೂದಲು ಸುಟ್ಟ ವಾಸನೆ. ಇದನ್ನು ಮಾಡುವವರು ದಯವಿಟ್ಟು ಹುಷಾರು. ಹುಲ್ಲು ದೂರ ಇರಲಿ, ಕರೆಂಟಿನ ಮೈನ್ ಆಫ್ ಮಾಡಿ, ಒಬ್ಬರು ನೀರಿನ ಬಕೆಟ್ ಹಿಡಿದು ಪಕ್ಕದಲ್ಲೇ ನಿಲ್ಲಲಿ. ತೆಂಗಿನಗರಿಯ ಸೂರಾದರೆ ಈ ಕೆಲಸವೇ ಬೇಡ.

ಮಾರನೇ ದಿನ ಸಂದುಗಳಿಗೆಲ್ಲ ಸಿಮೆಂಟು ಮೆತ್ತಿಸಿ, ಒಣಗಿದ ಮೇಲೆ ಸುಣ್ಣ ಬಳಿದೆವು. ಗಾರೆಯವನ ಕೂಲಿ, ಸಿಮೆಂಟು, ಮರಳು ಸೇರಿ ಏಳು ಸಾವಿರ ಚಿಲ್ಲರೆ ಖರ್ಚು. ಗೌರಿ ಬದುಕಿದ್ದಾಗ ಈ ಖರ್ಚು ಮಾಡು ಅಂದಿದ್ದರೆ ನಾನು ಮಾಡುತ್ತಿರಲಿಲ್ಲ ಬಿಡಿ.

ಒಂದು ಸಲ ಸುಟ್ಟರೆ ಮುಗಿಯುವುದಿಲ್ಲ. ಆಳದಲ್ಲಿ ಉಳಿದ ಮೊಟ್ಟೆ ಕೆಲವು ವಾರಕ್ಕೆ ಒಡೆದು ಮರಿ ಹೊರಬರುತ್ತವೆ. ಆದ್ದರಿಂದ 15 ದಿನಕ್ಕೊಮ್ಮೆಯಂತೆ ಮೂರು ಸಲ ಗೋಡೆ, ಗೂಟದ ಬುಡ, ಗೊದಮೊಟ್ಟೆಯ ಹಿಂಬದಿಗೆ ಮದ್ದು ಹೊಡೆದೆ. ಗೋಡೆಯ ಕೆಲಸ, ಹಸುವಿನ ಮೈಯ ಕೆಲಸ ಒಂದೇ ದಿನ ಆಗಬೇಕು. ಒಂದನ್ನೇ ಮಾಡಿದರೆ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ.

ಮೈಗೆ ಹಾಕುವ ಮದ್ದು

ನಾನು ಬಳಸುವುದು ಪಶುಗಳಿಗೆಂದೇ ಬರುವ ಡೆಲ್ಟಾಮೆಥ್ರಿನ್, ಶೇ. 1.25ರದ್ದು. ಒಂದು ಲೀಟರ್ ನೀರಿಗೆ 2 ಮಿ.ಲೀ. ಹೆಚ್ಚು ಹಾಕಿದರೆ ಹೆಚ್ಚು ಸಾಯುತ್ತವೆ ಅನ್ನುವ ಲೆಕ್ಕ ಬೇಡ. ಮೊದಲು ಹಸುವಿಗೆ ಹೊಟ್ಟೆ ತುಂಬ ನೀರು ಕುಡಿಸಿ, ಹಾಲು ಕರೆದ ನಂತರ, ಬಾಯಿಗೆ ಕುಕ್ಕೆ ಕಟ್ಟಿ, ತಂಪು ಹೊತ್ತಿನಲ್ಲಿ ಹೊಡೆಯುತ್ತೇನೆ. ಬೆನ್ನ ಮೇಲೆ ಹೊಯ್ದರೆ ಪ್ರಯೋಜನ ಕಡಿಮೆ. ಕಿವಿಯ ಹೊರಮಗ್ಗುಲು, ಗಂಗೆದೊಗಲು, ಬಾಲದ ಬುಡ, ತೊಡೆಸಂದಿ, ಕೆಚ್ಚಲ ಹಿಂಭಾಗ, ಉಣ್ಣೆ ಇರುವುದೇ ಇಲ್ಲಿ. ಕಿವಿಯ ಒಳಗೆ ಹೊಡೆಯಬಾರದು, ಬಟ್ಟೆ ಅದ್ದಿ ಒರೆಸಿದರೆ ಸಾಕು. ಗಾಯ ಇದ್ದ ಕಡೆ ಬೇಡ. ಮೈ ಪೂರ್ತಿ ಒಣಗುವವರೆಗೆ ಕುಕ್ಕೆ ಬಿಚ್ಚಬೇಡಿ. ಮುಂದಿನ ಸಲ ಕರೆಯುವ ಮುಂಚೆ ಕೆಚ್ಚಲು ಚೆನ್ನಾಗಿ ತೊಳೆಯಬೇಕು. ಡೈರಿಗೆ ಹಾಕುವ ಹಾಲು, ನಮ್ಮ ಮಕ್ಕಳೂ ಕುಡಿಯುವ ಹಾಲು.

ಉಳಿದ ನೀರನ್ನು ಕೆರೆಗೋ ಕಾಲುವೆಗೋ ಚೆಲ್ಲಬೇಡಿ. ಮೀನಿಗೆ ಇದು ಘೋರ ವಿಷ. ಬೆಕ್ಕಿಗೂ ಆಗಿಬರುವುದಿಲ್ಲ, ಮೈ ಒಣಗುವ ತನಕ ಕೊಟ್ಟಿಗೆಗೆ ಬೆಕ್ಕು ಬಿಡಬೇಡಿ.

ನಮ್ಮ ಪಕ್ಕದ ಹೊಲದವರು ಟೊಮೇಟೊಗೆ ಹೊಡೆಯುವ ಔಷಧಿಯನ್ನೇ ನೀರಿಗೆ ಬೆರೆಸಿ ಕರುವಿಗೆ ಬಳಿದರು. ಅರ್ಧ ಗಂಟೆಯಲ್ಲಿ ಕರು ಜೊಲ್ಲು ಸುರಿಸುತ್ತಾ ನಡುಗುತ್ತಾ ಬಿದ್ದಿತು. ಅದೃಷ್ಟಕ್ಕೆ ವೈದ್ಯರು ಬೇಗ ಸಿಕ್ಕರು, ಅಟ್ರೋಪಿನ್ ಹಾಕಿ ಉಳಿಸಿದರು. ಬೆಳೆಯ ಮದ್ದು ಬೆಳೆಗೆ. ಐವರ್‌ಮೆಕ್ಟಿನ್ ಸೂಜಿಯನ್ನೂ ಅನೇಕರು ಅಂಗಡಿಯಿಂದ ತಂದು ತಾವೇ ಚುಚ್ಚುತ್ತಾರೆ. ಹಾಲಿಗೆ ಬರುತ್ತದೆ, ಕರೆಯುವ ಹಸುವಿಗೆ ಅದು ಬೇಡ.

ಒಂದೇ ಮದ್ದನ್ನು ವರ್ಷಗಟ್ಟಲೆ ಹೊಡೆದರೆ ಉಣ್ಣೆ ಅದಕ್ಕೆ ಜಗ್ಗುವುದಿಲ್ಲ. ದೇಶದ ಹಲವು ಕಡೆ ಹೀಗಾಗಿದೆ. ನನ್ನಲ್ಲಿಯೂ 2022ರಲ್ಲಿ ಹೊಡೆದ ಮೂರನೇ ದಿನವೇ ಉಣ್ಣೆ ಓಡಾಡತೊಡಗಿದಾಗ ವೈದ್ಯರು ಅಮಿಟ್ರಾಜ್‌ಗೆ ಬದಲಿಸಿ ಅಂದರು. ಅದು ಬೇರೆ ಜಾತಿಯ ಮದ್ದು. ಬದಲಿಸುವುದನ್ನು ನಾವೇ ಮನಸ್ಸಿಗೆ ಬಂದಂತೆ ಮಾಡದೆ ಅವರನ್ನು ಕೇಳುವುದು ಲೇಸು.

ಈಗ ವಾರಕ್ಕೊಮ್ಮೆ ಸೊಪ್ಪಿನ ಮದ್ದನ್ನೇ ಹೊಡೆಯುತ್ತೇನೆ. ರಾಸಾಯನಿಕ ತೀರಾ ಬೇಕಾದಾಗ ಮಾತ್ರ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಮದ್ದು ಇದು. ಬೆಳ್ಳುಳ್ಳಿ 10 ಎಸಳು, ಬೇವಿನ ಸೊಪ್ಪು ಒಂದು ಹಿಡಿ, ಬೇವಿನ ಹಣ್ಣು ಒಂದು ಹಿಡಿ, ಬಜೆ 10 ಗ್ರಾಂ, ಅರಿಶಿನ ಪುಡಿ 20 ಗ್ರಾಂ, ಲಂಟಾನ ಸೊಪ್ಪು ಒಂದು ಹಿಡಿ, ತುಳಸಿ ಒಂದು ಹಿಡಿ. ನುಣ್ಣಗೆ ರುಬ್ಬಿ ಒಂದು ಲೀಟರ್ ನೀರು ಸೇರಿಸಿ ಬಟ್ಟೆಯಲ್ಲಿ ಸೋಸಿ ಮೈಗೆಲ್ಲ ಹೊಡೆಯುವುದು, ಬಿಸಿಲಿರುವ ಹೊತ್ತಿನಲ್ಲಿ. ಗೋಡೆ ಸಂದಿಗೂ ಹೊಡೆಯಬಹುದು. ಲಂಟಾನ ಹೊಟ್ಟೆಗೆ ಹೋದರೆ ದನಕ್ಕೆ ವಿಷವೇ ಆದ್ದರಿಂದ ಇದಕ್ಕೂ ನಾನು ಕುಕ್ಕೆ ಕಟ್ಟುತ್ತೇನೆ. ಮಿಕ್ಸಿಯಲ್ಲಿ ರುಬ್ಬಿದ್ದಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು, ಈಗ ಕೊಟ್ಟಿಗೆಗೇ ಒಂದು ಒರಳು ಇದೆ. ನನ್ನ ಅನುಭವ ಹೇಳಬೇಕೆಂದರೆ, ಉಣ್ಣೆ ಕಡಿಮೆ ಇರುವಾಗ ಇದು ಚೆನ್ನಾಗಿ ತಡೆಯುತ್ತದೆ. ಮೈತುಂಬ ತುಂಬಿಕೊಂಡ ಮೇಲೆ ಇದೊಂದನ್ನೇ ನಂಬಿ ಕೂರಲು ನನಗೆ ಧೈರ್ಯವಿಲ್ಲ.

ದಿನಾ ಕೈಯಾಡಿಸುವುದು

ಹಾಲು ಕರೆದಾದ ಮೇಲೆ ಐದು ನಿಮಿಷ ಹಸುವಿನ ಸಂದಿಗೊಂದಿಗೆ ಕೈಯಾಡಿಸುವ ಅಭ್ಯಾಸ ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಆಗಿದೆ. ಇದಕ್ಕೊಂದು ಕಾರಣ ಇದೆ. ಹಯಲೋಮ ಹಸುವಿಗೆ ಕಚ್ಚಿದ ಕೂಡಲೇ ಥೈಲೇರಿಯಾ ದಾಟುವುದಿಲ್ಲ. ಎರಡು ಮೂರು ದಿನ ರಕ್ತ ಹೀರಿದ ಮೇಲೆ ಅದರ ಜೊಲ್ಲಿನಲ್ಲಿ ರೋಗಾಣು ಬಲಿಯುತ್ತದೆ. ಅಷ್ಟರೊಳಗೆ ಕಿತ್ತರೆ ಗೆದ್ದಂತೆ. ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಬೇಕು. ಕಿತ್ತದ್ದನ್ನು ನೆಲಕ್ಕೆ ಹಾಕಿದರೆ ಅದು ಅಲ್ಲೇ ಮೊಟ್ಟೆ ಇಡುತ್ತದೆ. ಸೋಪಿನ ನೀರೋ ಸೀಮೆಎಣ್ಣೆಯೋ ಇರುವ ಡಬ್ಬಿಗೆ ಹಾಕಿ.

ಉಗುರಲ್ಲಿ ಕುಕ್ಕುವುದು, ಕಾಲಲ್ಲಿ ಹೊಸಕುವುದು ಬಿಟ್ಟುಬಿಡಿ. ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಮನುಷ್ಯರಿಗೆ ಬರುವುದೂ ಉಣುಗಿನಿಂದಲೇ. ಅದು ಕಾಡಿನ ಬೇರೆ ಜಾತಿಯ ಉಣುಗು, ನಮ್ಮ ಕಡೆಯದಲ್ಲ. ಆದರೂ ಉಣ್ಣೆಯ ರಕ್ತ ಕೈಗೆ ಬಳಿದುಕೊಳ್ಳುವ ಚಟ ಯಾಕೆ?

ನಾಟಿ ಕೋಳಿ ನಾಲ್ಕು ಬಿಟ್ಟಿದ್ದೇನೆ. ಮಲಗಿದ ಹಸುವಿನ ಹೊಟ್ಟೆಯಡಿ ಹೋಗಿ ಹೆಕ್ಕಿ ತಿನ್ನುವುದನ್ನು ನೋಡುವುದೇ ಚಂದ. ಪೂರ್ತಿ ಕೆಲಸ ಅವುಗಳಿಂದ ಆಗುವುದಿಲ್ಲ, ಮೊಟ್ಟೆ ಮಾತ್ರ ಲಾಭ.

2020ರಲ್ಲಿ ಚಿಂತಾಮಣಿ ಕಡೆಯಿಂದ ಇನ್ನೊಂದು ಹಸು ತಂದೆ. ನೇರ ಕೊಟ್ಟಿಗೆಗೆ ಸೇರಿಸದೆ ಮೂರು ವಾರ ಹಲಸಿನ ಮರದಡಿ ಕಟ್ಟಿದ್ದೆ. ಬಂದ ದಿನವೇ ಮೈಗೆ ಮದ್ದು, ದಿನಾ ಜ್ವರ ನೋಡುವುದು. ಹೊಸ ದನದ ಜೊತೆ ಹೊಸ ಉಣ್ಣೆ ಬರುತ್ತದೆ. ಥೈಲೇರಿಯಾಕ್ಕೆ ಲಸಿಕೆಯೂ ಇದೆ. ದ್ರವ ಸಾರಜನಕದ ಡಬ್ಬಿಯಲ್ಲಿ ಇಡಬೇಕಾದ ಲಸಿಕೆ ಆದ್ದರಿಂದ ಎಲ್ಲ ಕಡೆ ಸಿಗುವುದಿಲ್ಲ. ನಾಲ್ಕೈದು ಜನ ಸೇರಿ ಮೊದಲೇ ವೈದ್ಯರಿಗೆ ಹೇಳಿಟ್ಟರೆ ತರಿಸಲು ಅನುಕೂಲ.

ಕರಿಯನ ಕತೆ

2021ರಲ್ಲಿ ಲೇಔಟಿನ ಗೇಟಿನ ಬಳಿ ಯಾರೋ ಬಿಟ್ಟು ಹೋದ ನಾಯಿ ನಮ್ಮ ಮನೆ ಸೇರಿತು. ಕರಿಯ ಅಂತ ಕರೆದೆವು. ಕಿವಿತುಂಬ, ಕಾಲ್ಬೆರಳ ಸಂದಿತುಂಬ ಉಣ್ಣೆ. ಎರಡು ತಿಂಗಳಲ್ಲಿ ಮಂಕಾಯಿತು, ಊಟ ಬಿಟ್ಟಿತು, ಒಂದು ದಿನ ಮೂಗಿನಲ್ಲಿ ರಕ್ತ. ರಕ್ತ ಪರೀಕ್ಷೆಯಲ್ಲಿ ಎರ್ಲಿಕಿಯಾ ಅಂತ ಬಂತು, ಅದೂ ಉಣ್ಣೆಯಿಂದ ಬರುವ ಜ್ವರ. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ, ಊಟದ ಜೊತೆ. ಹತ್ತು ದಿನಕ್ಕೇ ಲವಲವಿಕೆ ಬಂತು. ಆದರೆ ನಿಲ್ಲಿಸಬೇಡಿ ಅಂದಿದ್ದರು, ನಿಲ್ಲಿಸಲಿಲ್ಲ. ಈಗಲೂ ಬೊಗಳುತ್ತಾ ಇದೆ.

ಹಿಂದಿನ ಅಪಾರ್ಟ್‌ಮೆಂಟಿನ ಕಂಪ್ಯೂಟರ್ ಕೆಲಸದ ಹುಡುಗನೊಬ್ಬ ಒಂದು ಭಾನುವಾರ ಬಂದು "ಅಂಕಲ್, ನಿಮ್ ಹಸು ಉಣ್ಣೆ ನಮ್ ನಾಯಿಗೆ ಬಂದಿದೆ" ಅಂತ ತಕರಾರು ತೆಗೆದ. ಅವನ ಮನೆ ನಾಲ್ಕನೇ ಮಹಡಿ! ವೈದ್ಯರನ್ನು ಕೇಳಿ ತಿಳಿದುಕೊಂಡು ಹೇಳಿದೆ: ನಾಯಿಯ ಕಂದು ಉಣ್ಣೆಯೇ ಬೇರೆ, ಹಸುವಿನದೇ ಬೇರೆ. ನಾಯಿಯದು ಮನೆಯೊಳಗೇ ಮೊಟ್ಟೆಯಿಂದ ಹಿಡಿದು ಎಲ್ಲ ಹಂತ ಮುಗಿಸಬಲ್ಲದು. ಗೋಡೆ ಹತ್ತಿ ಕಿಟಕಿ ಚೌಕಟ್ಟು, ಟೈಲ್ಸಿನ ಅಂಚು, ಪರದೆಯ ಮಡಿಕೆಯಲ್ಲಿ ಕೂರುತ್ತದೆ. ಅವನು ಹೋಗಿ ಸೋಫಾ ಎತ್ತಿ ನೋಡಿ ಸಂಜೆ ಫೋನು ಮಾಡಿದ, ದನಿ ಸಣ್ಣಗಾಗಿತ್ತು. ಫ್ಲೇಮ್ ಗನ್ ಕೇಳಿದ, ಕೊಡಲಿಲ್ಲ. ದಿನಾ ಕಸ ಎಳೆಯುವ ಯಂತ್ರ ಹಾಕಿ, ನಾಯಿ ಮಲಗುವ ಬಟ್ಟೆ ಕುದಿಯುವ ನೀರಲ್ಲಿ ಒಗೆದು, ನಾಯಿಗೆ ವೈದ್ಯರು ಬರೆದ ಉಣ್ಣೆ ಮಾತ್ರೆ ಕೊಟ್ಟು ಗೆದ್ದ. ಆ ಮಾತ್ರೆಯ ಬೆಲೆ ಕೇಳಿ ನಾನು ಸುಮ್ಮನಾದೆ. ಕರಿಯನಿಗೆ ಬೆನ್ನಿಗೆ ತೊಟ್ಟಿಕ್ಕುವ ಫಿಪ್ರೊನಿಲ್ ಸಾಕಾಗಿದೆ. ಆ ಹುಡುಗ ಈಗ ನಮ್ಮಲ್ಲೇ ದಿನಕ್ಕೆ ಎರಡು ಲೀಟರ್ ಹಾಲು ತೆಗೆದುಕೊಳ್ಳುತ್ತಾನೆ.

ಥರ್ಮಾಮೀಟರ್ ಉಳಿಸಿದ ಕಡಸು

ಗೌರಿಯ ಮೊದಲ ಸೂಲಿನ ಹೆಣ್ಣುಕರು ನಮ್ಮಲ್ಲೇ ಬೆಳೆಯಿತು. 2019ರಲ್ಲಿ ತಾಯಿ ಸತ್ತಾಗ ಅದಕ್ಕೆ ಒಂದು ವರ್ಷವೂ ಆಗಿರಲಿಲ್ಲ. ಮೊದಲ ಕರುವನ್ನೂ ಹಾಕಿ, ಎರಡನೆಯದಕ್ಕೆ ಗಬ್ಬವಾಗಿದ್ದಾಗ, 2023ರ ಜೂನ್‌ನಲ್ಲಿ ಒಂದು ಸಂಜೆ ಜ್ವರ ನೋಡಿದರೆ 104.6. ಹಸುವಿಗೆ ಸಾಮಾನ್ಯವಾಗಿ 101.5ರ ಆಸುಪಾಸು ಇರಬೇಕು. ಮೇವು ತಿನ್ನುತ್ತಿತ್ತು, ನೋಡಲು ಏನೂ ಆಗಿಲ್ಲದಂತಿತ್ತು. ಭುಜದ ಮುಂದೆ ಕೈ ಹಾಕಿದೆ, ಎಡಗಡೆ ಗಂಟು ಅಡಿಕೆಗಿಂತ ದಪ್ಪ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆರಕ್ಕೇ ವೈದ್ಯರ ಮನೆ ಬಾಗಿಲಲ್ಲಿ ನಿಂತಿದ್ದೆ. ರಕ್ತದ ಗಾಜು ನೋಡಿ ಹತ್ತು ಗಂಟೆಗೆ ಸೂಜಿ ಹಾಕಿದರು, ಕುತ್ತಿಗೆಯ ಮಾಂಸಕ್ಕೆ, ಎರಡು ಕಡೆ ಹಂಚಿ. ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ರಕ್ತ ಹೆಚ್ಚಿಸುವ ಟಾನಿಕ್ಕು ಹದಿನೈದು ದಿನ ಕೊಟ್ಟೆವು. ಗಬ್ಬವೂ ನಿಂತಿತು. ಈಗ ಹೊತ್ತಿಗೆ ಏಳು ಲೀಟರ್ ಕೊಡುತ್ತಿದೆ.

ಥರ್ಮಾಮೀಟರ್‌ಗೆ ನಾನು ಕೊಟ್ಟದ್ದು 150 ರೂಪಾಯಿ. ಮೇ ತಿಂಗಳಿಂದ ಮಳೆ ಮುಗಿಯುವವರೆಗೆ ದಿನಾ ಸಂಜೆ ಗುದದ್ವಾರದಲ್ಲಿಟ್ಟು ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ, ಮಗಳಿಗೆ ಆ ಕೆಲಸ. 103 ದಾಟಿ, ಭುಜದ ಮುಂದೆಯೋ ಕಿವಿಯ ಕೆಳಗೋ ಗಂಟು ಸಿಕ್ಕರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಹತ್ತಿರ ಆಸ್ಪತ್ರೆ ಇಲ್ಲದವರು 1962ಕ್ಕೆ ಫೋನು ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ. ಆಂಟಿಬಯೋಟಿಕ್ ಹಾಕಿ ಎರಡು ದಿನ ನೋಡೋಣ ಅನ್ನುವವರ ಮಾತಿಗೆ ಕಾಯಬೇಡಿ.

ಮೊನ್ನೆ ಭಾನುವಾರ ಅದೇ ಗರಗಸದ ಬ್ಲೇಡು ಹಿಡಿದು ಕೊಟ್ಟಿಗೆ ಸುತ್ತಿದೆ. ತಿಂಗಳಿಗೊಮ್ಮೆ ಸುತ್ತುತ್ತೇನೆ. ಗೋಡೆಯಲ್ಲಿ ಏನೂ ಸಿಗಲಿಲ್ಲ. ನೀರಿನ ತೊಟ್ಟಿಯ ಹಿಂದೆ ಸಿಮೆಂಟು ಸ್ವಲ್ಪ ಕಿತ್ತುಹೋದ ಜಾಗದಲ್ಲಿ ಎರಡು ಸಿಕ್ಕವು, ಪಟ್ಟೆಕಾಲಿನವೇ. ಡಬ್ಬಿಗೆ ಹಾಕಿದೆ. ಗಾರೆಯವನಿಗೆ ಹೇಳಿ ಬಂದಿದ್ದೇನೆ, ಅಪಾರ್ಟ್‌ಮೆಂಟ್ ಕೆಲಸ ಬಿಟ್ಟು ಅವನು ಬರುವುದು ಯಾವತ್ತೋ. ಅಲ್ಲಿಯವರೆಗೆ ಆ ಸಂದಿಗೆ ಸುಣ್ಣ ತುಂಬಿದ್ದೇನೆ. ಕಲ್ಲುಗೋಡೆಯ ಸಂದಿಗೆ ಸಿಮೆಂಟಿಗಿಂತ ಅಗ್ಗದ, ಬಾಳಿಕೆ ಬರುವ ಉಪಾಯ ಯಾರಾದರೂ ಮಾಡಿದ್ದರೆ ಪತ್ರಿಕೆಗೆ ಬರೆಯಿರಿ.